ಅಂಕಿತವಿಲ್ಲದ ಹಾಡುಗಳು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಭಜನಾ ಮಂಡಳಿಗಳಲ್ಲಿ ಒಂದೇ ರಾತ್ರಿ ಕನ್ನಡದ ವಚನವೂ ಮರಾಠಿಯ ಅಭಂಗವೂ ಕೇಳಿಬರುತ್ತವೆ. ಹಾಡು ಯಾರದೆಂಬ ಸಂದೇಹ ಬಂದ ಕೇಳುಗ ಕೊನೆಯ ಸಾಲಿನವರೆಗೆ ತಾಳಿಕೊಂಡರೆ ಸಾಕು. ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬ ಅಂಕಿತ ಕಿವಿಗೆ ಬಿದ್ದೊಡನೆ ಸೊನ್ನಲಿಗೆಯ ಸಿದ್ಧರಾಮ ಕಣ್ಣೆದುರು ನಿಲ್ಲುತ್ತಾನೆ. ‘ತುಕಾ ಮ್ಹಣೇ’ ಎಂದೊಡನೆ ದೇಹೂವಿನ ತುಕಾರಾಮ. ಕನ್ನಡದವರು ಅಂಕಿತವೆನ್ನುವುದನ್ನು ಮರಾಠಿಗರು ನಾಮಮುದ್ರಾ ಎನ್ನುತ್ತಾರೆ. ಮುದ್ರೆಯು ಹಾಡಿನ ಒಡಲೊಳಗೇ ಇರುವುದರಿಂದ, ಹಾಡು ಎಷ್ಟು ಬಾಯಿಗಳನ್ನು ಬದಲಿಸಿದರೂ, ಎಷ್ಟು ಊರುಗಳನ್ನು ದಾಟಿದರೂ, ಕಟ್ಟಿದವನ ಗುರುತು ಅದರ ಜತೆಯಲ್ಲೇ ನಡೆಯುತ್ತದೆ. ಮುದ್ರಣಾಲಯವೂ ಹಕ್ಕುಸ್ವಾಮ್ಯದ ಕಾಯಿದೆಯೂ ಇಲ್ಲದ ಕಾಲ ತನಗಾಗಿ ಮಾಡಿಕೊಂಡ ಏರ್ಪಾಡು ಇದು.

ಇಪ್ಪತ್ತನೆಯ ಶತಮಾನದ ಪಾಪ್ ಮತ್ತು ರಾಕ್ ಸಂಗೀತಕ್ಕೆ ಕಾಯಿದೆಯಿತ್ತು, ಕಚೇರಿಗಳಿದ್ದವು, ವಕೀಲರಿದ್ದರು, ಅಂಕಿತವಿರಲಿಲ್ಲ. ಹಾಡು ಕಟ್ಟಿದವರ ಹೆಸರು ಇರುತ್ತಿದ್ದುದು ಗ್ರಾಮಫೋನ್ ತಟ್ಟೆಯ ನಡುವೆ ಅಂಟಿಸಿದ ದುಂಡು ಕಾಗದದ ಮೇಲೆ, ಇಲ್ಲವೆ ಹೊದಿಕೆಯ ಬೆನ್ನಿನ ಸಣ್ಣಕ್ಷರಗಳಲ್ಲಿ. ಹಾಡು ರೇಡಿಯೋ ಏರಿತೆಂದರೆ ಕಾಗದ ಹಿಂದೆ ಉಳಿಯಿತು. ಬೇರೊಬ್ಬ ಗಾಯಕ ಅದನ್ನೇ ಹಾಡಿದನೆಂದರೆ ಕೇಳುವವರ ಪಾಲಿಗೆ ಹಾಡು ಅವನದೇ ಆಯಿತು. ಹೀಗೆ ಹಾಡು ಉಳಿದು ಹೆಸರು ಕಳಚಿಬಿದ್ದ ತಂಡಗಳ ಸಾಲು ದೊಡ್ಡದು. ಅವರನ್ನು ಜಗತ್ತು ಪೂರ್ತಿ ಮರೆತಿಲ್ಲ, ಪೂರ್ತಿ ನೆನೆಯುವುದೂ ಇಲ್ಲ. ಯಾವ ಅರ್ಧ ಉಳಿಯಿತು, ಯಾವ ಅರ್ಧ ಹೋಯಿತು ಎಂಬುದು ಒಬ್ಬೊಬ್ಬರ ಪಾಲಿಗೆ ಒಂದೊಂದು ತೆರ. ಬ್ಯಾಡ್‌ಫಿಂಗರ್ ಎಂಬ ತಂಡದ ಪಾಲಿಗೆ ಆ ನಷ್ಟ ಪ್ರಾಣದವರೆಗೂ ಮುಟ್ಟಿತು.

ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಸ್ವಾನ್ಸಿ ಎಂಬುದು ಕಡಲ ದಂಡೆಯ ಊರು. 1960ರ ದಶಕದಲ್ಲಿ ಅಲ್ಲಿನ ಹುಡುಗರು ಒಂದು ತಂಡ ಕಟ್ಟಿ, ಊರಿನ ಐವಿ ಪ್ಲೇಸ್ ಎಂಬ ಓಣಿಯ ಹೆಸರಿನಿಂದ ‘ದಿ ಐವೀಸ್’ ಎಂದು ಕರೆದುಕೊಂಡರು. ಹಾಡು ಕಟ್ಟುವುದರಲ್ಲಿ ಮುಂದಿದ್ದವನು ಪೀಟ್ ಹ್ಯಾಮ್. ಡ್ರಮ್ ನುಡಿಸುತ್ತಿದ್ದವನು ಮೈಕ್ ಗಿಬ್ಬಿನ್ಸ್. ಮುಂದೆ ಲಿವರ್‌ಪೂಲಿನ ಟಾಮ್ ಎವಾನ್ಸ್, ಅವನ ನಂತರ ಅದೇ ಊರಿನ ಜೋಯಿ ಮಾಲೆಂಡ್ ಬಂದು ಸೇರಿದರು. 1968ರಲ್ಲಿ ಬೀಟಲ್ಸ್ ತಮ್ಮದೇ ಆದ ಆ್ಯಪಲ್ ಎಂಬ ಕಂಪನಿಯನ್ನು ತೆರೆದಾಗ ಮೊದಲು ಕರಾರು ಮಾಡಿಕೊಂಡವರಲ್ಲಿ ಈ ಹುಡುಗರೂ ಇದ್ದರು. ಹೆಸರು ಬದಲಿಸಬೇಕೆಂದು ಕಂಪನಿಯವರು ಹೇಳಿದರು. ಬೀಟಲ್ಸ್ ಅವರ ಹಾಡೊಂದಕ್ಕೆ ಮೊದಲು ಇದ್ದ ತಾತ್ಕಾಲಿಕ ಶೀರ್ಷಿಕೆಯಿಂದ ‘ಬ್ಯಾಡ್‌ಫಿಂಗರ್’ ಎಂಬ ಪದವನ್ನು ತೆಗೆದುಕೊಟ್ಟವನು ಆ ಕಂಪನಿಯ ನೀಲ್ ಆಸ್ಪಿನಾಲ್. ಓಣಿಯ ಹೆಸರು ಹೋಗಿ ಬೇರೆಯವರ ಮನೆಯ ಹಳೆಯ ವಸ್ತುವೊಂದು ಹೆಸರಾಯಿತು.

ಮೊದಲ ದೊಡ್ಡ ಯಶಸ್ಸೂ ಹಾಗೆಯೇ ಬಂದದ್ದು. 1969ರಲ್ಲಿ ಪಾಲ್ ಮೆಕಾರ್ಟ್ನಿ ‘ಕಮ್ ಅಂಡ್ ಗೆಟ್ ಇಟ್’ ಎಂಬ ಹಾಡನ್ನು ಬರೆದು, ಎಲ್ಲ ವಾದ್ಯಗಳನ್ನೂ ತಾನೇ ನುಡಿಸಿ ಮಾದರಿಯೊಂದನ್ನು ಧ್ವನಿಮುದ್ರಿಸಿ, ಇದರಂತೆಯೇ ನುಡಿಸಿರೆಂದು ಅವರ ಕೈಗೆ ಕೊಟ್ಟ. ಅವರು ಹಾಗೆಯೇ ನುಡಿಸಿದರು. ಹಾಡು ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಹತ್ತರೊಳಗೆ ಬಂತು. ಮೆಕಾರ್ಟ್ನಿಯ ಮಾದರಿಯೂ 1996ರಲ್ಲಿ ಪ್ರಕಟವಾಗಿದೆ. ಎರಡನ್ನೂ ಒಂದರ ಬೆನ್ನಿಗೆ ಒಂದು ಕೇಳಿದರೆ ಶಿಷ್ಯರ ವಿಧೇಯತೆ ಎಷ್ಟಿತ್ತೆಂಬುದು ತಿಳಿಯುತ್ತದೆ. ಆ ಯಶಸ್ಸಿನ ಬೆನ್ನಿಗೇ ಬಂದದ್ದು, ಬೀಟಲ್ಸ್ ನೆರಳಿನಲ್ಲಿ ಬೆಳೆದ ಗಿಡವೆಂಬ ಮಾತು. ‘ನೋ ಮ್ಯಾಟರ್ ವಾಟ್’, ‘ಡೇ ಆಫ್ಟರ್ ಡೇ’, ‘ಬೇಬಿ ಬ್ಲೂ’ ಇವೆಲ್ಲ ಪೀಟ್ ಹ್ಯಾಮ್ ಸ್ವತಃ ಕಟ್ಟಿದ ಹಾಡುಗಳು, ಪಟ್ಟಿಗಳನ್ನು ಏರಿದವುಗಳು. ಆದರೂ ಆ ಮಾತು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಪಂಪನ ನಂತರದ ಕವಿಗಳನ್ನೆಲ್ಲ ಪಂಪನ ಅಳತೆಗೋಲಿನಿಂದಲೇ ಅಳೆದ ವಿಮರ್ಶೆ ಕನ್ನಡದಲ್ಲೂ ಉಂಟಷ್ಟೆ.

1970ರ ‘ನೋ ಡೈಸ್’ ಎಂಬ ಆಲ್ಬಮ್ಮಿನಲ್ಲಿ ‘ವಿತೌಟ್ ಯೂ’ ಎಂಬ ಹಾಡಿದೆ. ಅದು ಹುಟ್ಟಿದ ಬಗೆ ಕುತೂಹಲದ್ದು. ಹ್ಯಾಮ್‌ನ ಬಳಿ ಚರಣಗಳಿದ್ದವು, ತಕ್ಕ ಪಲ್ಲವಿ ಇರಲಿಲ್ಲ. ಎವಾನ್ಸ್‌ನ ಬಳಿ ಪಲ್ಲವಿಯಿತ್ತು, ಅದಕ್ಕೆ ಚರಣಗಳಿರಲಿಲ್ಲ. ಎರಡು ಅರೆಹಾಡುಗಳನ್ನು ಕೂಡಿಸಿ ಒಂದು ಮಾಡಿದರು. ಚರಣದಲ್ಲಿ ತಗ್ಗಿದ ದನಿಯಲ್ಲಿ ನಡೆಯುವ ದುಃಖ ಪಲ್ಲವಿಗೆ ಬಂದಾಗ ಒಮ್ಮೆಲೇ ಕಟ್ಟೆಯೊಡೆಯುವುದಕ್ಕೆ ಈ ಜೋಡಣೆಯೇ ಕಾರಣವಿರಬೇಕು. ಅದು ಇಬ್ಬರ ದುಃಖ. ತಂಡದವರಿಗೆ ಮಾತ್ರ ಅದರ ಬೆಲೆ ತಿಳಿದಂತಿರಲಿಲ್ಲ. ಬ್ರಿಟನ್ನಿನಲ್ಲಾಗಲಿ ಅಮೆರಿಕದಲ್ಲಾಗಲಿ ಅದನ್ನು ಬಿಡಿ ಮುದ್ರಿಕೆಯಾಗಿ ಹೊರತರಲಿಲ್ಲ. ಆಲ್ಬಮ್ಮಿನ ಹಲವು ಹಾಡುಗಳಲ್ಲಿ ಒಂದಾಗಿ ಅದು ಸುಮ್ಮನೆ ಕುಳಿತಿತ್ತು.

ಅಮೆರಿಕದ ಗಾಯಕ ಹ್ಯಾರಿ ನಿಲ್ಸನ್ ಅದನ್ನು ಎಲ್ಲೋ ಕೇಳಿ, ಬೀಟಲ್ಸ್ ಅವರ ಹಾಡೆಂದೇ ಮೊದಲು ಭಾವಿಸಿದ್ದನಂತೆ. ವಿಚಾರಿಸಿದಾಗ ಬೇರೆಯವರದೆಂದು ತಿಳಿಯಿತು. 1971ರ ತನ್ನ ಆಲ್ಬಮ್ಮಿನಲ್ಲಿ ಅವನು ಅದನ್ನು ಹಾಡಿದ. ಪಿಯಾನೋ ಮುಂದೆ ಬಂತು, ಹಿನ್ನೆಲೆಗೆ ತಂತಿವಾದ್ಯಗಳು ತುಂಬಿದವು, ದನಿ ಎಷ್ಟು ಏರಬಹುದೋ ಅಷ್ಟೂ ಏರಿತು. 1972ರಲ್ಲಿ ಅದು ಅಮೆರಿಕದಲ್ಲಿ ನಾಲ್ಕು ವಾರ, ಬ್ರಿಟನ್ನಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ನಿಲ್ಸನ್‌ಗೆ ಗ್ರ್ಯಾಮಿ ಪ್ರಶಸ್ತಿಯನ್ನೂ ತಂದಿತು. ನಿಲ್ಸನ್ ಹಾಡಿದ್ದು ಅನ್ಯಾಯವೆಂದು ಯಾರೂ ಹೇಳಲಾರರು. ಅವನು ಹಾಡದಿದ್ದರೆ ಹಾಡು ಆಲ್ಬಮ್ಮಿನೊಳಗೇ ಮುದುಡಿರುತ್ತಿತ್ತು. ಅವನು ಹಾಡಿದ್ದರಿಂದ ಹಾಡು ಬದುಕಿತು, ಹೆಸರು ಸತ್ತಿತು. ಎರಡೂ ನಿಜ.

ಅದರ ಹಿಂದಿನ ವರ್ಷವೇ ತಂಡವು ಭಾರತೀಯ ಸಂಗೀತದ ಜತೆ ಒಂದೇ ವೇದಿಕೆಯ ಮೇಲೆ ಕಾಣಿಸಿಕೊಂಡಿತ್ತು. ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಏನಾದರೂ ಮಾಡಬೇಕೆಂದು ರವಿಶಂಕರ್ ಕೇಳಿಕೊಂಡದ್ದರಿಂದ ಜಾರ್ಜ್ ಹ್ಯಾರಿಸನ್ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎರಡು ಕಛೇರಿಗಳನ್ನು ಏರ್ಪಡಿಸಿದ. ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾರಖಾ ಮೊದಲು ನುಡಿಸಿದರು. ಆಮೇಲೆ ಬಾಬ್ ಡಿಲನ್, ಎರಿಕ್ ಕ್ಲಾಪ್ಟನ್‌ರಂಥವರು ಬಂದರು. ಬ್ಯಾಡ್‌ಫಿಂಗರ್‌ನವರು ವೇದಿಕೆಯ ಮೇಲೆ ಗಿಟಾರು ಮೀಟುತ್ತ ಇದ್ದರು. ಒಂದು ಹಾಡಿಗೆ ಪೀಟ್ ಹ್ಯಾಮ್ ಮುಂದೆ ಬಂದ: ಹ್ಯಾರಿಸನ್‌ನ ‘ಹಿಯರ್ ಕಮ್ಸ್ ದ ಸನ್’. ಎರಡೇ ಗಿಟಾರು, ಎದುರಿಗೆ ಸಾವಿರಾರು ಜನ. ಅದರ ಚಿತ್ರಣ ಇಂದಿಗೂ ನೋಡಲು ಸಿಗುತ್ತದೆ. ಹ್ಯಾರಿಸನ್‌ನ ಬೆರಳುಗಳ ಜತೆ ಒಂದು ಕೂದಲೆಳೆಯಷ್ಟೂ ತಪ್ಪದೆ ಹ್ಯಾಮ್‌ನ ಬೆರಳುಗಳು ನಡೆಯುತ್ತವೆ. ಇಡೀ ಕಛೇರಿಯಲ್ಲಿ ತಂಡವು ತನ್ನದೆಂಬ ಒಂದು ಹಾಡನ್ನೂ ಹಾಡಲಿಲ್ಲ.

ಮುಂದಿನದು ಲೆಕ್ಕಪತ್ರದ ಕಥೆ. ಅಮೆರಿಕದ ವ್ಯವಸ್ಥಾಪಕನೊಬ್ಬ ತಂಡದ ಹಣಕಾಸನ್ನೆಲ್ಲ ವಹಿಸಿಕೊಂಡಿದ್ದ. ತಂಡದ ಹೆಸರಿನಲ್ಲೇ ಒಂದು ಕಂಪನಿ ಕಟ್ಟಿ, ಬಂದ ಹಣವೆಲ್ಲ ಅದಕ್ಕೆ ಹೋಗುವಂತೆ, ವಾದಕರಿಗೆ ಸಂಬಳ ಮಾತ್ರ ಸಿಗುವಂತೆ ಬರೆಸಿಕೊಂಡಿದ್ದ. ಗಿಟಾರು ಹಿಡಿದವರು ಕರಾರನ್ನು ಓದಲಿಲ್ಲ, ಓದಿದ್ದರೂ ತಿಳಿಯುತ್ತಿರಲಿಲ್ಲವೇನೋ. ಆ್ಯಪಲ್ ಕಂಪನಿ ಕುಸಿಯತೊಡಗಿದಾಗ ಅವರು ವಾರ್ನರ್ ಬ್ರದರ್ಸ್ ಕಂಪನಿಗೆ ಹೋದರು. ದೊಡ್ಡ ಮೊತ್ತದ ಕರಾರು ಆಯಿತು. 1974ರ ಕೊನೆಗೆ ‘ವಿಶ್ ಯೂ ವರ್ ಹಿಯರ್’ ಎಂಬ ಆಲ್ಬಮ್ ಬಂತು. ಅವರ ಎಲ್ಲ ಕೆಲಸದಲ್ಲೂ ಅದೇ ಉತ್ತಮವೆನ್ನುವವರು ಬಹಳ ಮಂದಿ. (ಮರುವರ್ಷ ಪಿಂಕ್ ಫ್ಲಾಯ್ಡ್ ತಂಡ ಅದೇ ಹೆಸರಿನ ಆಲ್ಬಮ್ ತಂದಿತು, ಇಂದು ಆ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು ಅದೇ. ಶೀರ್ಷಿಕೆಯೂ ಕೈಬಿಟ್ಟುಹೋಯಿತು.) ಕಾಯ್ದಿರಿಸಿದ ಖಾತೆಯಲ್ಲಿ ಇರಬೇಕಾಗಿದ್ದ ಹಣ ಕಾಣೆಯಾಗಿದೆಯೆಂದು ಕಂಪನಿಯು ನ್ಯಾಯಾಲಯಕ್ಕೆ ಹೋಯಿತು. ಆಲ್ಬಮ್ ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಅದನ್ನು ಅಂಗಡಿಗಳಿಂದ ಹಿಂದೆಗೆದುಕೊಂಡಿತು. ಆ ಡಿಸೆಂಬರಿನಲ್ಲಿ ಅವಸರದಿಂದ ಧ್ವನಿಮುದ್ರಿಸಿದ ಇನ್ನೊಂದು ಆಲ್ಬಮ್, ‘ಹೆಡ್ ಫಸ್ಟ್’, ಪೆಟ್ಟಿಗೆಯಲ್ಲೇ ಉಳಿದು 2000ದಲ್ಲಿ ಹೊರಬಂತು.

ಪೀಟ್ ಹ್ಯಾಮ್‌ನ ಕೈಯಲ್ಲಿ ಹಣ ಉಳಿದಿರಲಿಲ್ಲ. ಮನೆಯ ಸಾಲವಿತ್ತು, ಬಾಳಸಂಗಾತಿ ತುಂಬುಗರ್ಭಿಣಿಯಾಗಿದ್ದಳು. 1975ರ ಏಪ್ರಿಲ್ 24ರಂದು ಅವನು ಆತ್ಮಹತ್ಯೆ ಮಾಡಿಕೊಂಡ. ಇನ್ನು ಮೂರು ದಿನ ಕಳೆದಿದ್ದರೆ ಅವನಿಗೆ ಇಪ್ಪತ್ತೆಂಟು ತುಂಬುತ್ತಿತ್ತು. ಬಿಟ್ಟುಹೋದ ಚೀಟಿಯಲ್ಲಿ ವ್ಯವಸ್ಥಾಪಕನನ್ನು ದೂಷಿಸಿದ್ದ. ಮುಂದಿನ ತಿಂಗಳು ಮಗಳು ಹುಟ್ಟಿದಳು. ಟಾಮ್ ಎವಾನ್ಸ್ ಎಂಟು ವರ್ಷ ಹೆಚ್ಚು ಬದುಕಿದ. ‘ವಿತೌಟ್ ಯೂ’ ತರುವ ರಾಯಲ್ಟಿಯಲ್ಲಿ ಯಾರಿಗೆ ಎಷ್ಟು ಪಾಲೆಂಬ ಜಗಳ ಹಳೆಯ ಜತೆಗಾರರ ನಡುವೆಯೇ ಬೆಳೆದಿತ್ತು. 1983ರ ನವೆಂಬರ್ 19ರಂದು ಅವನೂ ಅದೇ ದಾರಿ ಹಿಡಿದ. ಒಂದು ಹಾಡಿನ ಚರಣ ಕಟ್ಟಿದವನೂ ಪಲ್ಲವಿ ಕಟ್ಟಿದವನೂ ಹೀಗೆ ಹೋದರು.

1994ರ ಜನವರಿಯಲ್ಲಿ ಮರಾಯ ಕ್ಯಾರಿ ಅದೇ ಹಾಡನ್ನು ಹಾಡಿ ಬಿಡುಗಡೆ ಮಾಡಿದಳು. ಅದಕ್ಕೆ ಕೆಲವೇ ದಿನ ಮೊದಲು, 15ರಂದು, ನಿಲ್ಸನ್ ತೀರಿಕೊಂಡಿದ್ದ. ಕ್ಯಾರಿ ಅನುಸರಿಸಿದ್ದು ನಿಲ್ಸನ್‌ನ ಪಾಠವನ್ನು. ಗ್ರಂಥಸಂಪಾದನೆಯ ಮಾತಿನಲ್ಲಿ ಹೇಳುವುದಾದರೆ ಮೂಲಪ್ರತಿಯನ್ನು ಬಿಟ್ಟು ಪ್ರತಿಯ ಪ್ರತಿಯನ್ನು. ಬ್ರಿಟನ್ನಿನಲ್ಲಿ ಮತ್ತೆ ಮೊದಲ ಸ್ಥಾನ. ಕೇಬಲ್ ಟಿವಿ ಹೊಸತಾಗಿ ಬಂದಿದ್ದ ಆ ವರ್ಷಗಳಲ್ಲಿ ಭಾರತದ ಸಣ್ಣ ಊರುಗಳ ಮನೆಗಳಿಗೂ ಇಂಥ ಹಾಡುಗಳು ಬಂದವು. ತಿಳಿದವರು, ಇದು ನಿಲ್ಸನ್‌ನ ಹಳೆಯ ಹಾಡೆಂದು ಇತರರಿಗೆ ತಿದ್ದಿ ಹೇಳುತ್ತಿದ್ದರು. ತಿದ್ದುಪಡಿಗೂ ತಿದ್ದುಪಡಿ ಬೇಕಾಗಿತ್ತು.

ಆಮೇಲಿನ ತಿರುವು 2013ರದು. ಆ ವರ್ಷದ ಏಪ್ರಿಲ್ 27ರಂದು, ಪೀಟ್ ಹ್ಯಾಮ್‌ನ ಹುಟ್ಟಿದ ದಿನ, ಸ್ವಾನ್ಸಿಯಲ್ಲಿ ಅವನ ಹೆಸರಿನ ನೀಲಿ ಫಲಕವೊಂದನ್ನು ಅನಾವರಣ ಮಾಡಿದರು. ಸೆಪ್ಟೆಂಬರ್ 29ರಂದು ‘ಬ್ರೇಕಿಂಗ್ ಬ್ಯಾಡ್’ ಎಂಬ ಅಮೆರಿಕದ ಪ್ರಸಿದ್ಧ ಟಿವಿ ಧಾರಾವಾಹಿಯ ಕೊನೆಯ ಕಂತು ಪ್ರಸಾರವಾಯಿತು. ಅದರ ಕೊನೆಯ ದೃಶ್ಯಕ್ಕೆ ‘ಬೇಬಿ ಬ್ಲೂ’ ಹಾಡನ್ನು ಬಳಸಿದ್ದರು. ಅದು ಯಾರ ಹಾಡೆಂದು ಆ ರಾತ್ರಿ ಜಗತ್ತು ಹುಡುಕಿತು. 1972ರಲ್ಲಿ ಬ್ರಿಟನ್ನಿನಲ್ಲಿ ಬಿಡಿಯಾಗಿ ಹೊರಬರದೇ ಇದ್ದ ಹಾಡು ನಲವತ್ತೊಂದು ವರ್ಷಗಳ ನಂತರ ಅಲ್ಲಿನ ಪಟ್ಟಿಗೆ ಮೊದಲ ಬಾರಿ ಸೇರಿತು, 73ನೆಯ ಸ್ಥಾನದಲ್ಲಿ. ಮೈಕ್ ಗಿಬ್ಬಿನ್ಸ್ 2005ರಲ್ಲೇ ತೀರಿಕೊಂಡಿದ್ದ. ನಾಲ್ವರಲ್ಲಿ ಅದನ್ನು ನೋಡಲು ಉಳಿದಿದ್ದವನು ಜೋಯಿ ಮಾಲೆಂಡ್ ಒಬ್ಬನೇ. ಅವನು 2025ರ ಮಾರ್ಚ್ 1ರಂದು ಹೋದ.

ಬ್ಯಾಡ್‌ಫಿಂಗರ್‌ನ ಹಾಡನ್ನು ಬೇರೆಯವರು ಹಾಡಿದರು. ‘ದಿ ಜಾಂಬೀಸ್’ ಎಂಬ ಇಂಗ್ಲಿಷ್ ತಂಡದ ವಿಷಯದಲ್ಲಿ ಬೇರೆಯವರು ಹೆಸರನ್ನೇ ತೊಟ್ಟುಕೊಂಡರು. ಸೇಂಟ್ ಆಲ್ಬನ್ಸ್ ಎಂಬ ಊರಿನ ಈ ಹುಡುಗರು 1964ರಲ್ಲಿ ‘ಶೀಸ್ ನಾಟ್ ದೇರ್’ ಹಾಡಿ ಹೆಸರು ಮಾಡಿದ್ದರು. ಆಮೇಲೆ ಅದೃಷ್ಟ ತಿರುಗಿತು. 1967ರಲ್ಲಿ ಹೆಚ್ಚಾಗಿ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ, ಕೈಯಲ್ಲಿದ್ದ ಅಲ್ಪ ಹಣದಲ್ಲಿ, ಕೊನೆಯದೊಂದು ಆಲ್ಬಮ್ ಮಾಡಿ, ಅದು ಹೊರಬರುವ ಮೊದಲೇ ಡಿಸೆಂಬರಿನಲ್ಲಿ ತಂಡವನ್ನು ಮುಚ್ಚಿದರು. ಮುಖಪುಟ ಬರೆದ ಕಲಾವಿದ ಶೀರ್ಷಿಕೆಯ ‘ಒಡಿಸಿ’ ಎಂಬ ಪದದ ಕಾಗುಣಿತವನ್ನು ತಪ್ಪಿದ್ದ, ತಿದ್ದಲು ಹೊತ್ತಿರಲಿಲ್ಲ. ಅದು ಬೇಕೆಂದೇ ಮಾಡಿದ ಶ್ಲೇಷೆಯೆಂದು ರಾಡ್ ಆರ್ಜೆಂಟ್ ಬಹುಕಾಲ ಹೇಳಿಕೊಂಡು ಬಂದ. ಲಿಪಿಕಾರನ ಪ್ರಮಾದಕ್ಕೆ ಟೀಕಾಕಾರ ಅರ್ಥ ಹೊಸೆಯುವುದು ಹಳಗನ್ನಡ ಓದುವವರಿಗೆ ಹೊಸದಲ್ಲ.

1968ರ ಏಪ್ರಿಲ್‌ನಲ್ಲಿ ಆಲ್ಬಮ್ ಬಂದಾಗ ಕೇಳಿದವರು ಕಡಿಮೆ. ಅಮೆರಿಕದ ಸಂಗೀತಗಾರ ಆಲ್ ಕೂಪರ್ ಅದನ್ನು ಕೇಳಿ, ತನ್ನ ಕಂಪನಿಯನ್ನು ಒತ್ತಾಯಿಸಿ ಅಲ್ಲಿ ಬಿಡುಗಡೆ ಮಾಡಿಸಿದ. ಅದರ ಕೊನೆಯ ಹಾಡು ‘ಟೈಮ್ ಆಫ್ ದ ಸೀಸನ್’ 1969ರ ಆರಂಭದಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಹಾಡಿದ ಕಾಲಿನ್ ಬ್ಲನ್‌ಸ್ಟೋನ್ ಲಂಡನ್ನಿನ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತಿಕೆಗೆ ಸೇರಿದ್ದ. ಹಾಡಿಗೆ ಬೇಡಿಕೆಯಿದೆ, ತಂಡವಿಲ್ಲ. ಮಿಶಿಗನ್ನಿನ ಒಂದು ಸಂಸ್ಥೆ ನಕಲಿ ಜಾಂಬೀಸ್‌ಗಳನ್ನು ಕಟ್ಟಿ ಊರೂರಿಗೆ ಕಳಿಸಿತು. ಟೆಕ್ಸಾಸಿನ ಒಂದು ನಕಲಿ ತಂಡದಲ್ಲಿದ್ದ ಡಸ್ಟಿ ಹಿಲ್, ಫ್ರ್ಯಾಂಕ್ ಬಿಯರ್ಡ್ ಇಬ್ಬರೂ ಮುಂದೆ ‘ಜೀಜೀ ಟಾಪ್’ ಎಂಬ ತಂಡದವರಾಗಿ ತಮ್ಮ ಸ್ವಂತ ಹೆಸರಿನಿಂದಲೇ ಪ್ರಸಿದ್ಧರಾದರು. ಪ್ರಕ್ಷಿಪ್ತ ವಚನಗಳನ್ನು ಬರೆದವರಲ್ಲಿಯೂ ಒಳ್ಳೆಯ ಕವಿಗಳು ಇದ್ದಿರಬೇಕೆಂಬ ಊಹೆಗೆ ಇದರಿಂದ ಸ್ವಲ್ಪ ಬಲ ಬರುತ್ತದೆ. ಅಂಕಿತವಿದ್ದರೂ ಕಳವು ತಪ್ಪುವುದಿಲ್ಲವೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳಬೇಕು. ಜಾಂಬೀಸ್‌ನ ನಿಜವಾದ ಸದಸ್ಯರು ಮುಂದೆ ಮತ್ತೆ ಒಂದುಗೂಡಿದರು. 2019ರಲ್ಲಿ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ಗೆ ಅವರ ಹೆಸರು ಸೇರಿತು. ಅರ್ಧ ಮರೆತವರಲ್ಲಿ ಇವರು ಭಾಗ್ಯವಂತರು.

ಮೆಂಫಿಸ್ ನಗರದ ‘ಬಿಗ್ ಸ್ಟಾರ್’ ತಂಡದ ಕಥೆಗೆ ಹೆಚ್ಚು ಸಾಲುಗಳು ಬೇಕಿಲ್ಲ, ಏಕೆಂದರೆ ಅಲ್ಲಿ ಏನೂ ನಡೆಯಲೇ ಇಲ್ಲ. ಸ್ಟುಡಿಯೋದ ಬಳಿಯಿದ್ದ ದಿನಸಿ ಅಂಗಡಿಯ ಹೆಸರನ್ನು ತಂಡಕ್ಕಿಟ್ಟುಕೊಂಡು, 1972ರಲ್ಲಿ ‘ನಂಬರ್ ಒನ್ ರೆಕಾರ್ಡ್’ ಎಂಬ ಎದೆಗಾರಿಕೆಯ ಹೆಸರಿನ ಆಲ್ಬಮ್ ತಂದರು. ವಿಮರ್ಶಕರು ಹೊಗಳಿದರು. ಹೊಗಳಿಕೆ ಓದಿ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಅದು ಸಿಗಲಿಲ್ಲ. ವಿತರಣೆಯ ಏರ್ಪಾಡೇ ಕೆಟ್ಟಿತ್ತು. ಹಾಡು ಕಟ್ಟುತ್ತಿದ್ದ ಇಬ್ಬರಲ್ಲಿ ಕ್ರಿಸ್ ಬೆಲ್ ಇಪ್ಪತ್ತೇಳರ ವಯಸ್ಸಿನಲ್ಲಿ, 1978ರ ಡಿಸೆಂಬರ್ 27ರಂದು, ಕಾರು ಅಪಘಾತದಲ್ಲಿ ಸತ್ತ. ಅಲೆಕ್ಸ್ ಚಿಲ್ಟನ್ 1980ರ ದಶಕದ ಆರಂಭದಲ್ಲಿ ನ್ಯೂ ಆರ್ಲಿಯನ್ಸಿನ ಹೋಟೆಲಿನಲ್ಲಿ ಪಾತ್ರೆ ತೊಳೆದ. ಆದರೂ ಮುಂದಿನ ಪೀಳಿಗೆಯ ತಂಡಗಳು ತಮ್ಮ ಗುರುಗಳೆಂದು ಇವರ ಹೆಸರನ್ನೇ ಹೇಳಿದವು. ‘ದಿ ರಿಪ್ಲೇಸ್‌ಮೆಂಟ್ಸ್’ ಎಂಬ ತಂಡ 1987ರಲ್ಲಿ ‘ಅಲೆಕ್ಸ್ ಚಿಲ್ಟನ್’ ಎಂಬ ಶೀರ್ಷಿಕೆಯ ಹಾಡನ್ನೇ ಹಾಡಿತು. ಇಲ್ಲಿ ಹೆಸರು ಮೊದಲು ಉಳಿಯಿತು, ಹಾಡು ಆಮೇಲೆ ಸಿಕ್ಕಿತು.

ಈ ಸಾಲಿನಲ್ಲಿ ಭಾರತದ ತಂಡಗಳೂ ಇವೆ. 1970 ಮತ್ತು 71ರಲ್ಲಿ ಸಿಮ್ಲಾ ಎಂಬ ಸಿಗರೇಟಿನ ಪ್ರಚಾರಕ್ಕಾಗಿ ‘ಸಿಮ್ಲಾ ಬೀಟ್’ ಎಂಬ ಸ್ಪರ್ಧೆ ನಡೆಯಿತು. ಬೇರೆ ಬೇರೆ ನಗರಗಳ ತಂಡಗಳು ಸ್ಪರ್ಧಿಸಿದವು. ಆಯ್ದ ತಂಡಗಳ ಹಾಡುಗಳನ್ನು ವರ್ಷಕ್ಕೊಂದರಂತೆ ಎರಡು ಎಲ್‌ಪಿ ತಟ್ಟೆಗಳಲ್ಲಿ ತಂದರು. ಷಿಲ್ಲಾಂಗಿನ ‘ಫೆಂಟೋನ್ಸ್’, ಮದರಾಸಿನ ‘ಕನ್‌ಫ್ಯೂಷನ್ಸ್’ ಅವುಗಳಲ್ಲಿವೆ. ಕೆಲವು ಹಾಡುಗಳು ಪಾಶ್ಚಾತ್ಯ ತಂಡಗಳ ಅನುಕರಣೆ, ಕೆಲವು ಸ್ವಂತದ್ದು. ಗಿಟಾರಿನ ದನಿ ಒರಟು. ಹಾಡುವವನ ಹುಮ್ಮಸ್ಸಿನಲ್ಲಿ ಮಾತ್ರ ಕೊರತೆಯಿಲ್ಲ. ದಶಕಗಳ ನಂತರ ಹೊರದೇಶದ ಸಂಗ್ರಾಹಕರು ಈ ತಟ್ಟೆಗಳನ್ನು ಹುಡುಕತೊಡಗಿದರು, ಮರುಮುದ್ರಣಗಳು ಬಂದವು. ಅವನ್ನು ಕೇಳುವಾಗ ಹಾಡುವವನ ದನಿ ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ. ಹಾಡಿನೊಳಗೆ ಅವನ ಹೆಸರಿಲ್ಲ, ತಟ್ಟೆಯ ಹೆಸರಾಗಿರುವುದು ಸಿಗರೇಟಿನದು. ಆ ಹುಡುಗರಲ್ಲಿ ಈಗ ಇರುವವರಿಗೆ ಎಪ್ಪತ್ತು ದಾಟಿದೆ. ಅವರನ್ನು ಇನ್ನೂ ಕೇಳಬಹುದು.